ಕಾಂಡ್ಲಾ ಕಾಡಿಗೆ ಹೊರಡುವ ಮೊದಲು ಪಂಚಾಂಗ ತೆರೆಯಿರಿ

ಬೆಳಗಾವಿಯಿಂದ ಗೋವಾದ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ದಂಡೆಯ ಮ್ಯಾಂಗ್ರೋವ್ ಕಾಡು, ನೋಡಲು ಹೊರಡುವವರು ನಮಗೆ ಫೋನ್ ಮಾಡಿ ಕೇಳುವುದು ಮೂರೇ ಪ್ರಶ್ನೆ. ‘ಖರ್ಚು ಎಷ್ಟ್ ಬರತೈತ್ರಿ?’ ‘ಊಟದ್ದು ಹ್ಯಾಂಗ್ರಿ?’ ‘ಮೊಸಳಿ ಕಾಣತಾವೇನ್ರಿ?’ ಕೇಳಬೇಕಾದ ನಾಲ್ಕನೆಯ ಪ್ರಶ್ನೆ ಯಾರ ಬಾಯಿಂದಲೂ ಬರುವುದಿಲ್ಲ: ಆ ದಿನ ನೀರು ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ? ಎರಡನೇ ಶನಿವಾರ ಎಂದು ದಿನ ಗೊತ್ತು ಮಾಡಿ, ಗಾಡಿಗೆ ಮುಂಗಡ ಕೊಟ್ಟು, ಆಮೇಲೆ ಫೋನ್ ಮಾಡಿರುತ್ತಾರೆ. ಅಷ್ಟೊತ್ತಿಗೆ ಪ್ರವಾಸದ ಅರ್ಧ ಭವಿಷ್ಯ ತೀರ್ಮಾನವಾಗಿರುತ್ತದೆ.

ಇದಕ್ಕೆ ಕಾರಣವೂ ಅರ್ಥವಾಗುವಂಥದ್ದೇ. ನಮ್ಮ ಕಡೆ ಹೊಳೆ ಎಂದರೆ ಒಂದೇ ದಿಕ್ಕಿಗೆ ಹರಿಯುವುದು. ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಭೀಮೆ ಎಲ್ಲವೂ ಮಳೆಗಾಲದಲ್ಲಿ ತುಂಬುತ್ತವೆ, ಬೇಸಿಗೆಯಲ್ಲಿ ಇಳಿಯುತ್ತವೆ. ಬೆಳಿಗ್ಗೆ ನೋಡಿದ ದಂಡೆ ಸಂಜೆಗೂ ಅಲ್ಲೇ ಇರುತ್ತದೆ. ಈ ಕಾಡಿರುವ ಗೋವಾದ ಮಾಂಡವಿ ಹೊಳೆಯ ಮುಖದಲ್ಲಿ ಹಾಗಲ್ಲ. ಅಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಹೊಳೆಯೊಳಗೆ ನುಗ್ಗುತ್ತದೆ, ಎರಡು ಸಲ ಹಿಂದಕ್ಕೆ ಸರಿಯುತ್ತದೆ. ಏರಿಕೆಗೆ ಸುಮಾರು 6 ಗಂಟೆ, ಇಳಿಕೆಗೆ ಸುಮಾರು 6 ಗಂಟೆ. ಈ ಚಕ್ರ ಸೂರ್ಯನಿಗಿಂತ ಚಂದ್ರನನ್ನು ಹೆಚ್ಚು ಅನುಸರಿಸುವುದರಿಂದ ಪ್ರತಿದಿನ ಸರಾಸರಿ 50 ನಿಮಿಷ ತಡವಾಗುತ್ತ ಹೋಗುತ್ತದೆ. ಕಳೆದ ತಿಂಗಳು ನಿಮ್ಮ ಬೀಗರು ಬೆಳಿಗ್ಗೆ 9ಕ್ಕೆ ದೋಣಿ ಹತ್ತಿ ಮೊಸಳೆ ನೋಡಿ ಬಂದರೆಂದು ನೀವೂ 9ಕ್ಕೇ ಹತ್ತಿದರೆ ಅದೇ ಕಾಣುತ್ತದೆ ಎನ್ನಲಾಗದು. 9 ಗಂಟೆ ಅದೇ ಇರಬಹುದು, ನೀರು ಬೇರೆ.

ಇಲ್ಲಿ ನಮ್ಮ ಜನಕ್ಕೆ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಬಾಗಲಕೋಟೆಯ ರೈತನಿಗೂ ವಿಜಯಪುರದ ವ್ಯಾಪಾರಿಗೂ ಇವತ್ತಿನ ತಿಥಿ ಯಾವುದೆಂದು ಗೋಡೆಯ ಕ್ಯಾಲೆಂಡರ್ ಹೇಳುತ್ತದೆ. ತಿಥಿ ಎಂದರೆ ಚಂದ್ರನ ಲೆಕ್ಕ, ಭರತ ಅಂದರೆ ಸಮುದ್ರದ ನೀರು ಏರುವುದೂ ಚಂದ್ರನ ಲೆಕ್ಕವೇ. ಪಶ್ಚಿಮ ಕರಾವಳಿಯ ಮೀನುಗಾರರು ತಿಥಿಯಿಂದಲೇ ನೀರಿನ ಹೊತ್ತು ಕಂಡುಹಿಡಿಯುತ್ತಾರೆ. ಗೋವಾದ ಮಟ್ಟಿಗೆ ಒರಟು ಲೆಕ್ಕ ಹೀಗೆ: ಅಮಾವಾಸ್ಯೆ ಮತ್ತು ಹುಣ್ಣಿಮೆಯ ದಿನ ನೀರು ತುಂಬುವುದು ಬೆಳಿಗ್ಗೆ 11ರ ಆಸುಪಾಸು, ಮತ್ತೆ ರಾತ್ರಿ 11ರ ಸುಮಾರಿಗೆ. ಅಲ್ಲಿಂದ ಪ್ರತಿ ತಿಥಿಗೆ 48 ನಿಮಿಷ ಕೂಡಿಸುತ್ತ ಹೋಗಿ. ದ್ವಾದಶಿಯನ್ನೇ ತೆಗೆದುಕೊಳ್ಳಿ. 12ನ್ನು 48ರಿಂದ ಗುಣಿಸಿದರೆ 576 ನಿಮಿಷ, ಅಂದರೆ 9 ಗಂಟೆ 36 ನಿಮಿಷ. ಇದನ್ನು ಬೆಳಗಿನ 11ಕ್ಕೆ ಕೂಡಿಸಿದರೆ ರಾತ್ರಿ 8.30 ದಾಟುತ್ತದೆ. ಅದಕ್ಕೂ ಹಿಂದಿನ ಭರತ 12 ಗಂಟೆ 25 ನಿಮಿಷ ಮೊದಲು, ಅಂದರೆ ಬೆಳಿಗ್ಗೆ 8ರ ಸುಮಾರಿಗೆ. ಅಲ್ಲಿಂದ ಮಧ್ಯಾಹ್ನ 2ರ ತನಕ ನೀರು ಇಳಿಯುತ್ತಲೇ ಇರುತ್ತದೆ.

ಇದು ದಿನ ಆರಿಸಲು ಮಾತ್ರ. ದೋಣಿ ಹತ್ತುವ ಗಳಿಗೆಯನ್ನು ಇದರಿಂದ ನಿಗದಿ ಮಾಡಬೇಡಿ. ಒಂದು ಗಂಟೆ ಅತ್ತಿತ್ತ ಆಗುವುದು ಸಹಜ, ಅಷ್ಟಮಿಯ ಎರಡೂ ಬದಿ ಲೆಕ್ಕ ಇನ್ನೂ ಸಡಿಲ. ದಿನ ಗೊತ್ತಾದ ಮೇಲೆ ಮರ್ಮಗೋವಾ ಬಂದರಿನ ಭರತ-ಇಳಿತದ ಪಟ್ಟಿ ನೋಡಿ. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಅಂತರ್ಜಾಲದಲ್ಲಿ ಮುನ್ಸೂಚನೆ ಕೊಡುತ್ತದೆ. ಆ ಹೊತ್ತು ಸಮುದ್ರದ ಬಾಯಿಯದು, ಕಾಡಿನೊಳಗಿನ ಕಿರುಗಾಲುವೆಗಳಿಗೆ ನೀರು ತಡವಾಗಿ ತಲುಪುತ್ತದೆ. ಆದ್ದರಿಂದ ಕೊನೆಯ ಮಾತು ಅಲ್ಲಿನ ದೋಣಿಯವನದು. ‘ಭರತಿ ಎಷ್ಟಕ್ಕೆ, ಓಹೋಟಿ ಎಷ್ಟಕ್ಕೆ’ ಎಂದು ಮರಾಠಿಯಲ್ಲಿ ಕೇಳಿದರೂ ಸಾಕು, ಬೆಳಗಾವಿಯವರಿಗೆ ಅದೇನು ಕಷ್ಟವಲ್ಲ.

ಹಾಗಾದರೆ ಯಾವ ದಿನ? ಏನು ನೋಡಬೇಕೆಂಬುದರ ಮೇಲೆ ಅದು ನಿಂತಿದೆ. ನೀರು ತುಂಬಿದಾಗ ಕಾಣುವುದು ನೀರು ಇಳಿದಾಗ ಕಾಣುವುದಿಲ್ಲ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಸಂಗತಿ ಇದೇ.

ನೀರು ತುಂಬಿದಾಗ ದೋಣಿ ಕಿರಿದಾದ ಕಾಲುವೆಗಳೊಳಗೆ ಹೋಗಬಲ್ಲದು. ರೈಜೋಫೋರಾ ಮರಗಳ ಬಿಲ್ಲಿನಂಥ ಊರುಗೋಲು ಬೇರುಗಳು ಮುಕ್ಕಾಲು ಮುಳುಗಿ, ಕೊಂಬೆಗಳು ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತವೆ. ಮಿಂಚುಳ್ಳಿಗಳು, ಇರುಳು ಬಕಗಳು, ಕೊಂಬೆಗೆ ಸುತ್ತಿಕೊಂಡ ಹಾವು ಎಲ್ಲ ಹತ್ತಿರದಿಂದ ಸಿಗುವ ಹೊತ್ತು ಇದು. ಆದರೆ ಮೊಸಳೆ ಕಾಣುವುದು ಅಪರೂಪ. ಕಾರಣ ಸರಳ: ಅದು ಮಲಗುವ ಕೆಸರುದಂಡೆಯೇ ನೀರಿನಡಿ ಹೋಗಿರುತ್ತದೆ.

ನೀರು ಇಳಿದಾಗ ದಂಡೆ ಬಿಚ್ಚಿಕೊಳ್ಳುತ್ತದೆ. ಅವಿಸೆನ್ನಿಯಾ ಮರದ ಸುತ್ತ ಪೆನ್ಸಿಲಿನಂತೆ ನೆಟ್ಟಗೆ ಮೇಲೆದ್ದ ಉಸಿರುಬೇರುಗಳು ಆಗಲೇ ಕಾಣುವುದು. ಒಂದೇ ಕೊಂಡಿ ದೊಡ್ಡದಿರುವ ಗಂಡು ಪಿಟೀಲು ಏಡಿಗಳು ಬಿಲದ ಬಾಯಲ್ಲಿ ಕೈ ಬೀಸುತ್ತವೆ. ಮಡ್‌ಸ್ಕಿಪರ್ ಮೀನುಗಳು ಕೆಸರಿನ ಮೇಲೆ ರೆಕ್ಕೆಯೂರಿ ಕುಪ್ಪಳಿಸುತ್ತವೆ. ಗೊರವಗಳು, ಬೆಳ್ಳಕ್ಕಿಗಳು ಊಟಕ್ಕೆ ಇಳಿಯುತ್ತವೆ. ನವೆಂಬರಿನಿಂದ ಫೆಬ್ರವರಿವರೆಗೆ ರಾತ್ರಿ ತಂಪಿರುವುದರಿಂದ, ಶೀತರಕ್ತದ ಮೊಸಳೆ ಬಿಸಿಲು ಬಿದ್ದ ದಂಡೆಗೆ ಬಂದು ಮೈ ಕಾಯಿಸಿಕೊಳ್ಳುತ್ತದೆ. ಬಿಸಿಲೂ ಬೇಕು, ಬರಿದಾದ ದಂಡೆಯೂ ಬೇಕು. ಎರಡೂ ಒಟ್ಟಿಗೆ ಸಿಗುವುದು ಇಳಿತ 11ರಿಂದ 2ರ ನಡುವೆ ಬೀಳುವ ದಿನಗಳಲ್ಲಿ, ಅಂದರೆ ಎರಡೂ ಪಕ್ಷಗಳ ಅಷ್ಟಮಿಯಿಂದ ದ್ವಾದಶಿ ತನಕ.

ಬೆಳಗಾವಿಯಿಂದ ಒಂದೇ ದಿನದಲ್ಲಿ ಹೋಗಿ ಬರುವವರಿಗೆ ನಮ್ಮ ಆಯ್ಕೆ ಏಕಾದಶಿ ಇಲ್ಲವೇ ದ್ವಾದಶಿ. ಬೆಳಿಗ್ಗೆ 8.30ಕ್ಕೆ ದೋಣಿಕಟ್ಟೆ ತಲುಪಿದರೆ ನೀರು ಇನ್ನೂ ತುಂಬಿಯೇ ಇರುತ್ತದೆ, ಕಾಲುವೆಯೊಳಗೆ ಹೊಕ್ಕು ಬರಬಹುದು. ಹೊರಗೆ ಬರುವಷ್ಟರಲ್ಲಿ ಕೆಸರು ತೆರೆದುಕೊಳ್ಳತೊಡಗುತ್ತದೆ. ಒಂದೇ ಬೆಳಗಿನಲ್ಲಿ ಎರಡೂ ಕಾಡು ನೋಡಿದಂತೆ. ಏಕಾದಶಿಯ ಉಪವಾಸದವರು ದ್ವಾದಶಿ ಇಟ್ಟುಕೊಳ್ಳಲಿ, ವ್ಯತ್ಯಾಸ ಮುಕ್ಕಾಲು ಗಂಟೆಯದು ಅಷ್ಟೇ.

ಅಮಾವಾಸ್ಯೆಯ ಬಗ್ಗೆಯೂ ಹೇಳಬೇಕು. ‘ಅಮಾಸಿ ದಿನಾ ನೀರಿಗೆ ಹೋಗೂದ ಬ್ಯಾಡ್ರಿ’ ಎನ್ನುವ ಹಿರಿಯರ ಮಾತಿಗೆ ಇಲ್ಲಿ ಒಂದು ಹುರುಳಿದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ನೀರಿನ ಏರಿಳಿತ 2 ಮೀಟರಿನ ಹತ್ತಿರ ಹೋಗುತ್ತದೆ, ಅಷ್ಟಮಿಯ ಸುತ್ತ ಅದರ ಅರ್ಧಕ್ಕೆ ಇಳಿಯುತ್ತದೆ. ಅಮಾವಾಸ್ಯೆಯ ಸೆಳೆತ ಜೋರು. ಹಾಗೆಂದು ಆ ದಿನ ಕೆಟ್ಟದ್ದಲ್ಲ. ಬೆಳಿಗ್ಗೆ 9ರಿಂದ 11ರವರೆಗೆ ಏರುನೀರಿನೊಂದಿಗೆ ಒಳಹೋಗುವುದು ಸುರಕ್ಷಿತ, ಎಲ್ಲಾದರೂ ತಳ ತಾಗಿದರೂ ಸ್ವಲ್ಪ ಹೊತ್ತಿನಲ್ಲಿ ನೀರೇ ದೋಣಿಯನ್ನು ಎತ್ತುತ್ತದೆ. ಅಲ್ಲಿನ ದುರ್ಭಾಟ, ಭೋಮಾ ಕಡೆಯ ರೈತರು ಪುಷ್ಯ ಅಮಾವಾಸ್ಯೆಯಂದೇ ಗದ್ದೆಯ ಬದುವಿನಲ್ಲಿ ಕೆಸರಿನ ಮೊಸಳೆ ಮಾಡಿ ಪೂಜಿಸುತ್ತಾರೆ. ಅದನ್ನು ಮಾಂಗೆ ಥಾಪಣಿ ಎನ್ನುತ್ತಾರೆ. ನಮ್ಮಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದಂತೆಯೇ, ಅಲ್ಲಿ ಬದು ಕಾಯುವ ಮೊಸಳೆಗೆ ಗೌರವ.

ಆ ಮೊಸಳೆ ಯಾವುದು ಎಂಬುದರಲ್ಲೂ ಗೊಂದಲವಿದೆ. ಉಪ್ಪುನೀರಿನಲ್ಲಿದೆ ಎಂದ ಮಾತ್ರಕ್ಕೆ ಅದು ಉಪ್ಪುನೀರ ಮೊಸಳೆಯಲ್ಲ, ಆ ಜಾತಿ ಸುಂದರಬನ, ಭಿತರಕನಿಕಾ, ಅಂಡಮಾನಿನದು. ಮಾಂಡವಿ ಮತ್ತು ಕುಂಭಾರ್ಜುವಾ ಕಾಲುವೆಯಲ್ಲಿರುವುದು ನಮ್ಮ ಕೃಷ್ಣೆಯಲ್ಲಿರುವ ಮಗ್ಗರ್ ಮೊಸಳೆಯೇ. ನೀರೂ ಅಷ್ಟೇನು ಪರಕೀಯವಲ್ಲ. ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿಯೇ ಗೋವಾದಲ್ಲಿ ಮಾಂಡವಿಯಾಗುತ್ತದೆ. ನೀವು ದಾಟಿಹೋಗುವ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮ ಸೇರಿದರೆ, ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿನ ಮಳೆ ಈ ಕಾಂಡ್ಲಾ ಬೇರುಗಳಿಗೆ ಸಿಹಿನೀರು ಕೊಡುತ್ತದೆ. ಉಪ್ಪು, ಸಿಹಿ ಬೆರೆಯುವ ಜಾಗದಲ್ಲೇ ಈ ಕಾಡು ಚೆನ್ನಾಗಿ ಬೆಳೆಯುವುದು. ಅವಿಸೆನ್ನಿಯಾ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ, ಮರ ಹೊರಹಾಕಿದ ಉಪ್ಪಿನ ಹರಳು ಮಿನುಗುತ್ತದೆ.

ಜಾಗದ ಬಗ್ಗೆ ಚಿಕ್ಕದಾಗಿ. ಮಾಂಡವಿಯ ನಡುವಿನ ಚೋಡಣ ದ್ವೀಪದ ಪಶ್ಚಿಮ ತುದಿಯಲ್ಲಿ ಈ ಕಾಡಿರುವ ಡಾ. ಸಲೀಂ ಅಲಿ ಪಕ್ಷಿಧಾಮದ ವಿಸ್ತೀರ್ಣ 178 ಹೆಕ್ಟೇರ್. ಪ್ರವೇಶಕ್ಕೆ ಗೋವಾ ಅರಣ್ಯ ಇಲಾಖೆಯ ಅನುಮತಿ ಬೇಕು. ರಿಬಂದರಿನಿಂದ ಫೆರಿಯಲ್ಲಿ ದಾಟಬಹುದು. ಚೋರ್ಲಾ ಘಾಟ್ ದಾರಿಯಲ್ಲಿ ಬೆಳಗಾವಿಯಿಂದ ಸುಮಾರು 120 ಕಿ.ಮೀ., ಮೂರರಿಂದ ಮೂರೂವರೆ ಗಂಟೆ. ಬೆಳಿಗ್ಗೆ 4.30ಕ್ಕೆ ಹೊರಡಿ, 5ಕ್ಕೆ ಅಲ್ಲ. ಘಾಟಿನ ಮಂಜು, ಫೆರಿಯ ಸರತಿ, ಒಂದು ಚಹಾ, ಇವಕ್ಕೆಲ್ಲ ಆ ಅರ್ಧ ಗಂಟೆ ಬೇಕಾಗುತ್ತದೆ. ಮಳೆಗಾಲದಲ್ಲಿ ಈ ಪ್ರವಾಸವೇ ಬೇಡ.

ಬಾಗಲಕೋಟೆ, ವಿಜಯಪುರದವರು ಇದನ್ನು ಒಂದು ದಿನದ ಪ್ರವಾಸ ಎಂದುಕೊಳ್ಳಬಾರದು. ವಿಜಯಪುರದಿಂದ ಬೆಳಗಾವಿಗೇ 200 ಕಿ.ಮೀ. ರಾತ್ರಿಯಿಡೀ ಗಾಡಿಯಲ್ಲಿ ಕೂತು ಬಂದ ಮಕ್ಕಳು ಎಂಜಿನ್ ನಿಲ್ಲಿಸಿದ ದೋಣಿಯ ತೂಗಾಟಕ್ಕೆ ನಿದ್ದೆ ಹೋಗುತ್ತಾರೆ, ಅವರದೇನೂ ತಪ್ಪಿಲ್ಲ. ಹಿಂದಿನ ದಿನ ಬೆಳಗಾವಿಯಲ್ಲಿ ಉಳಿಯಿರಿ. ಇನ್ನು ಕೆಲವರು ‘ಹೆಂಗೂ ಗೋವಾಕ್ಕ ಹೊಂಟೇವಿ’ ಎಂದು ಮೊದಲು ಕಡಲತೀರಕ್ಕೆ ಹೋಗಿ, ಮಧ್ಯಾಹ್ನ 2.30ಕ್ಕೆ ದೋಣಿಕಟ್ಟೆಗೆ ಬರುತ್ತಾರೆ. ಹಕ್ಕಿಗಳೆಲ್ಲ ನೆರಳು ಸೇರಿರುತ್ತವೆ, ಕಾಲುವೆಯಲ್ಲಿ ನೀರಿರುವುದಿಲ್ಲ. ತೀರಕ್ಕೆ ಆಮೇಲೆ ಹೋಗಿ.

ಈಗ ದೋಣಿಯಲ್ಲಿ ನಡೆಯುವ ಎರಡು ಎಡವಟ್ಟು.

ಮೊದಲನೆಯದು ‘ಇನ್ನ ಹತ್ತ ನಿಮಿಷ ನಿಲ್ಲಸ್ರಿ’. ನೀರು ಆರೂ ಗಂಟೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಒಟ್ಟು ಇಳಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ 3-3, ಐದನೆಯದರಲ್ಲಿ 2, ಆರನೆಯದರಲ್ಲಿ 1. ಒಟ್ಟು 1.2 ಮೀಟರ್ ಇಳಿಯುವ ದಿನ ಮೊದಲ ಗಂಟೆಗೆ ಹೋಗುವುದು ಬರೀ 10 ಸೆಂ.ಮೀ., ಮೂರನೆಯ ಗಂಟೆಗೆ 30 ಸೆಂ.ಮೀ. ಮೊದಲ ಗಂಟೆ ನೋಡಿದವರಿಗೆ ‘ನೀರೇನೂ ಇಳಿದಿಲ್ಲವಲ್ಲ’ ಅನಿಸುತ್ತದೆ. ಮೂರನೆಯ ಗಂಟೆಗೆ ದೋಣಿಯ ತಳ ಕೆಸರಿಗೆ ಕೂರುತ್ತದೆ, ಎಂಜಿನ್ನಿನ ಪಂಖ ಕೆಸರು ಕಡೆಯುತ್ತದೆ, ಮತ್ತೆ ನೀರು ಬರುವ ತನಕ ಗಂಟೆಗಟ್ಟಲೆ ಬಿಸಿಲಲ್ಲಿ ಕಾಯಬೇಕು. ಇಳಿದು ತಳ್ಳುವಂತಿಲ್ಲ, ಆ ಕೆಸರು ಮೊಣಕಾಲು ದಾಟಿ ನುಂಗುತ್ತದೆ. ಅದಕ್ಕೇ ಇಳಿತ ಶುರುವಾಗಿ ಎರಡು ಗಂಟೆಯಾಗುವ ಮುಂಚೆ ದೋಣಿಯವ ಕಿರುಗಾಲುವೆಯಿಂದ ಹೊರಗೆ ಬರಲು ಅವಸರ ಮಾಡುತ್ತಾನೆ. ಅದು ಸೋಮಾರಿತನವಲ್ಲ, ದಯವಿಟ್ಟು ಜಗಳಾಡಬೇಡಿ.

ಎರಡನೆಯದು ಮೊಸಳೆ ಕಂಡ ಕ್ಷಣ. ಎಡಕ್ಕೆ ಕಂಡಿತು ಎಂದೊಡನೆ ಹತ್ತು ಜನವೂ ಎದ್ದು ಎಡಕ್ಕೆ ಬಾಗುತ್ತಾರೆ. ಕೂತಾಗ ಕೆಳಗಿದ್ದ ಭಾರ ಎದ್ದಾಗ ಮೇಲೇರಿ, ಒಂದೇ ಬದಿಗೆ ಸರಿದರೆ ಸಣ್ಣ ದೋಣಿ ಮಗುಚಲು ಬೇರೇನೂ ಬೇಡ. ಕೂತಲ್ಲೇ ಕೂತು ಕತ್ತು ತಿರುಗಿಸಿ. ದೋಣಿಯವ ದೋಣಿಯನ್ನೇ ತಿರುಗಿಸುತ್ತಾನೆ, ಎರಡೂ ಸಾಲಿನವರಿಗೆ ಕಾಣುತ್ತದೆ. ಜೀವರಕ್ಷಕ ಅಂಗಿ ಮಡಿಲಲ್ಲಿಟ್ಟುಕೊಳ್ಳಲು ಕೊಟ್ಟದ್ದಲ್ಲ, ಬಕಲ್ ಹಾಕಿ ಪಟ್ಟಿ ಬಿಗಿಯಿರಿ. ಮಕ್ಕಳಿಗೆ ಭುಜ ಹಿಡಿದು ಮೇಲೆತ್ತಿ ನೋಡಿ: ಅಂಗಿ ಕಿವಿಯ ತನಕ ಜಾರಿದರೆ ಅದು ದೊಡ್ಡವರದು, ಸಣ್ಣದು ಕೇಳಿ ಪಡೆಯಿರಿ. ಇಲ್ಲವೆಂದರೆ ಆ ಮಗು ದೋಣಿ ಹತ್ತುವುದು ಬೇಡ. ಕೈ ನೀರಿಗೆ ಇಳಿಬಿಡಬೇಡಿ. ಕೋಳಿ ಮಾಂಸ ಎಸೆದು ಮೊಸಳೆ ಕರೆಸುತ್ತೇವೆ ಎನ್ನುವವರು ಸಿಕ್ಕರೆ ಒಪ್ಪಬೇಡಿ. ಮನುಷ್ಯರ ದೋಣಿಯನ್ನು ಊಟದೊಂದಿಗೆ ಜೋಡಿಸಿಕೊಂಡ ಮೊಸಳೆ ಮರುದಿನ ಬಲೆ ಹಾಕುವವನ ಹತ್ತಿರ ಬರುತ್ತದೆ.

ಮೊಸಳೆ ಖಂಡಿತ ಕಾಣುತ್ತದೆ ಎಂದು ನಾವು ಯಾರಿಗೂ ಮಾತು ಕೊಡುವುದಿಲ್ಲ. ಸರಿಯಾದ ತಿಥಿ, ಸರಿಯಾದ ಬಿಸಿಲು ಇದ್ದೂ ಕಾಣದ ದಿನಗಳಿವೆ. ನೀರುನಾಯಿಯಂತೂ ಇನ್ನೂ ಅದೃಷ್ಟದ ಮಾತು, ಹಲವು ಸಲ ಕೆಸರಿನ ಮೇಲೆ ಹೆಜ್ಜೆ ಮಾತ್ರ ಸಿಗುತ್ತದೆ. ಆದರೆ ಏಡಿ, ಮಡ್‌ಸ್ಕಿಪರ್ ನೀರು ಇಳಿದಾಗ ನಿಮ್ಮನ್ನು ನಿರಾಸೆ ಮಾಡುವುದು ಕಡಿಮೆ, ಅವನ್ನು ನೋಡಲು ಕಲಿಯಿರಿ. 8×42 ದುರ್ಬೀನು ಇಬ್ಬರಿಗೆ ಒಂದಿದ್ದರೂ ಸಾಕು.

ಒಯ್ಯಬೇಕಾದವು ಹೆಚ್ಚೇನಿಲ್ಲ. ತಲೆಗೆ 2 ಲೀಟರ್ ನೀರು, ತುಂಬು ತೋಳಿನ ಮಾಸಲು ಬಣ್ಣದ ಅಂಗಿ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ, ಕೊಳಕು ಕಾಲು ಒರೆಸಲು ಹಳೆಯ ಟವಲ್. ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಸಿಲಿಗೆ ಕೆಡುವುದಿಲ್ಲ. ಮೊಸರನ್ನ ಬೇಡ. ತಿನ್ನುವುದು ದಂಡೆಗೆ ಬಂದ ಮೇಲೆ. ಶೌಚಾಲಯದ ಕೆಲಸ ಕಟ್ಟೆಗೆ ಬರುವ ಮೊದಲೇ ಮುಗಿದಿರಲಿ, ದೋಣಿಯಲ್ಲಿ ಎರಡು ಗಂಟೆ ದಾರಿಯಿಲ್ಲ. ದಾರಿಗೆ ಅಡ್ಡ ಬಂದ ಎಲೆಗಳನ್ನು ಕಿತ್ತು ಹಿಸುಕಬೇಡಿ. ಎಕ್ಸೊಕೇರಿಯಾ ಎಂಬ ಮರದ ಬಿಳಿ ಹಾಲು ಕಣ್ಣಿಗೆ ತಾಗಿದರೆ ಉರಿಯೆದ್ದು ಕೆಲ ಹೊತ್ತು ದೃಷ್ಟಿಯೇ ಮಂಕಾಗಬಹುದು. ತಾಗಿದರೆ ಉಜ್ಜದೆ ಕುಡಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಿ.

ವಾಪಸು ಹೊರಡುವುದು ಮಧ್ಯಾಹ್ನ 3.30ರೊಳಗೆ ಆಗಲಿ. ಬೆಳಕಿರುವಾಗಲೇ ಚೋರ್ಲಾ ಹತ್ತಿದರೆ ಕತ್ತಲಾಗುವ ಹೊತ್ತಿಗೆ ಜಾಂಬೋಟಿ ದಾಟಿರುತ್ತೀರಿ.