ಮನೆಯಲ್ಲೇ ನಾಯಿ, ಬೆಕ್ಕಿನ ಕೂದಲ ಆರೈಕೆ: ಕರಾವಳಿಯ ಹವೆಗೆ ತಕ್ಕ ಟಿಪ್ಪಣಿ

ಕೂದಲು ಉದುರುವುದನ್ನು ನಿಲ್ಲಿಸಲು ಯಾರಿಂದಲೂ ಆಗದು. ಉದುರುವ ಕೂದಲು ನೆಲಕ್ಕೆ ಬೀಳುವ ಮೊದಲೇ ಬಾಚಣಿಗೆಗೆ ಬರುವಂತೆ ಮಾಡಬಹುದು, ಅಷ್ಟೆ. ಆದರೆ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಮಂಗಳೂರು, ಉಡುಪಿಯಲ್ಲಿ ಬಾಚುವಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ: ಕೂದಲನ್ನು ಬುಡದವರೆಗೆ ಒಣಗಿಸುವುದು. ಸತ್ತ ಕೂದಲು ಒಳಗೇ ಉಳಿದು ಅದರ ಮೇಲೆ ನೀರು ಬಿದ್ದರೆ ಚರ್ಮಕ್ಕೆ ಗಾಳಿ ಹೋಗುವುದಿಲ್ಲ. ನಮ್ಮ ಕಡೆ ಕಾಣುವ ತುರಿಕೆ, ವಾಸನೆ, ಕೆಂಪು ಕಲೆಗಳಲ್ಲಿ ಎಷ್ಟೋ ಶುರುವಾಗುವುದು ಇಲ್ಲಿಂದಲೇ.

ಕೂದಲು ಯಾಕೆ ಉದುರುತ್ತದೆ

ಪ್ರತಿ ಕೂದಲಿಗೂ ಬೆಳೆಯುವ ಹಂತ (ಅನಾಜೆನ್), ಬೆಳವಣಿಗೆ ನಿಲ್ಲುವ ಹಂತ (ಕ್ಯಾಟಾಜೆನ್), ಸುಮ್ಮನೆ ಕೂತಿರುವ ಹಂತ (ಟೆಲೋಜೆನ್), ಕಳಚುವ ಹಂತ (ಎಕ್ಸೋಜೆನ್) ಇವೆ. ಪೂಡ್ಲ್, ಶಿಟ್ಜುಗಳ ಕೂದಲು ಬೆಳೆಯುವ ಹಂತದಲ್ಲೇ ಬಹುಕಾಲ ಇರುತ್ತದೆ. ಹಾಗಾಗಿ ಉದುರುವುದು ಕಡಿಮೆ, ಸಿಕ್ಕಾಗುವುದು ಹೆಚ್ಚು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಸ್ಪಿಟ್ಜ್‌ಗಳಿಗೆ ಗಟ್ಟಿ ಹೊರಗೂದಲಿನ ಕೆಳಗೆ ಮೆತ್ತನೆಯ ಒಳಗೂದಲು ದಟ್ಟವಾಗಿರುತ್ತದೆ. ಕಂತೆ ಕಂತೆಯಾಗಿ ಉದುರುವುದು ಈ ಒಳಗೂದಲು.

ಉದುರುವ ಕಾಲವನ್ನು ಹೆಚ್ಚಾಗಿ ನಿರ್ಧರಿಸುವುದು ಹಗಲಿನ ಉದ್ದ. ಚಳಿ ದೇಶಗಳಲ್ಲಿ ಹಗಲು ತುಂಬ ಹಿಗ್ಗಿ ಕುಗ್ಗುವುದರಿಂದ ವರ್ಷಕ್ಕೆ ಎರಡು ಸಲ ದೊಡ್ಡ ಉದುರುವಿಕೆ ಕಾಣುತ್ತದೆ. ನಮ್ಮಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ, ಮನೆಯೊಳಗೆ ರಾತ್ರಿಯೂ ದೀಪ ಉರಿಯುತ್ತಿರುತ್ತದೆ. ಹಾಗಾಗಿ ಇಲ್ಲಿನ ಲ್ಯಾಬ್ ವರ್ಷಪೂರ್ತಿ ಸ್ವಲ್ಪ ಸ್ವಲ್ಪ ಉದುರಿಸುತ್ತಲೇ ಇರುತ್ತದೆ. ‘ಸೀಸನ್ ಮುಗಿಯಲಿ’ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಹೆಣ್ಣು ನಾಯಿ ಮರಿ ಹಾಕಿದ ಒಂದೆರಡು ತಿಂಗಳ ಬಳಿಕ ಜೋರಾಗಿ ಉದುರಿಸುತ್ತದೆ. ಅದು ಸಹಜ, ಮತ್ತೆ ಬರುತ್ತದೆ.

ಬಾಚುವುದು

ಬೀದಿಯಿಂದ ತಂದು ಸಾಕಿದ ನಾಟಿ ನಾಯಿ, ಬೀಗಲ್, ಪಗ್‌ಗಳ ಗಿಡ್ಡ ಕೂದಲಿಗೆ ರಬ್ಬರ್ ಬ್ರಷ್ ಸಾಕು. ವಾರಕ್ಕೆ ಎರಡು ಸಲ, ಹತ್ತು ನಿಮಿಷ, ವೃತ್ತಾಕಾರದಲ್ಲಿ ಉಜ್ಜಿ ಕೊನೆಗೆ ಒದ್ದೆ ಕೈಯಿಂದ ಒಮ್ಮೆ ಸವರಿದರೆ ಸಡಿಲ ಕೂದಲು ಕೈಗೆ ಅಂಟಿ ಬರುತ್ತದೆ. ಉದ್ದ ಕೂದಲಿಗೆ ಸ್ಲಿಕರ್ ಬ್ರಷ್ (ಸಣ್ಣ ತಂತಿಗಳು ದಟ್ಟವಾಗಿರುವ ಬ್ರಷ್) ಮತ್ತು ಸ್ಟೀಲ್ ಬಾಚಣಿಗೆ, ದಟ್ಟ ಒಳಗೂದಲಿಗೆ ಅಗಲ ಹಲ್ಲಿನ ರೇಕ್ ಬೇಕು.

ಹೆಚ್ಚಿನವರು ಎಡವುವುದು ಹೊರಗೂದಲನ್ನು ಮಾತ್ರ ಬಾಚಿ ಬಿಡುವಲ್ಲಿ. ಹೊರಗೂದಲು ನುಣುಪಾಗಿ ಹೊಳೆಯುತ್ತದೆ, ಕೆಳಗೆ ಒಳಗೂದಲು ಕಂಬಳಿಯಂತೆ ಗಟ್ಟಿಯಾಗಿರುತ್ತದೆ. ಸರಿಯಾದ ಕ್ರಮ ಹೀಗೆ: ನಾಯಿಯನ್ನು ಮಗ್ಗುಲಾಗಿ ಮಲಗಿಸಿ. ಎಡಗೈಯಿಂದ ಕೂದಲನ್ನು ಮೇಲಕ್ಕೆತ್ತಿ ಹಿಡಿದು ಚರ್ಮ ಬಿಳಿ ಗೆರೆಯಾಗಿ ಕಾಣುವಂತೆ ಬೈತಲೆ ತೆಗೆಯಿರಿ. ಗೆರೆಯ ಕೆಳಗಿನ ಕೂದಲನ್ನು ಮಾತ್ರ ಬುಡದಿಂದ ತುದಿಗೆ ಬಾಚಿ. ಅದು ಮುಗಿದ ಮೇಲೆ ಒಂದೆರಡು ಸೆಂಟಿಮೀಟರ್ ಮೇಲಕ್ಕೆ ಹೊಸ ಗೆರೆ. ಹೊಟ್ಟೆಯ ಕಡೆಯಿಂದ ಬೆನ್ನಿನ ಕಡೆಗೆ ಹೀಗೆ ಹೋಗಬೇಕು. ಕೊನೆಗೆ ಸ್ಟೀಲ್ ಬಾಚಣಿಗೆ ಎಲ್ಲೂ ತಡೆಯದೆ ಬುಡದಿಂದ ಹೊರಬಂದರೆ ಆ ಭಾಗ ಮುಗಿಯಿತು. ಕಿವಿಯ ಹಿಂಭಾಗ, ಬೆಲ್ಟ್‌ನ ಕೆಳಗೆ, ಕಂಕುಳು, ತೊಡೆಯ ಹಿಂದೆ ಮಾತ್ರ ಎರಡು ಸಲ ನೋಡಿ.

ಸ್ಲಿಕರ್‌ನ ತಂತಿಗಳನ್ನು ಎಷ್ಟು ಒತ್ತಬೇಕು ಎಂಬುದನ್ನು ನಿಮ್ಮ ಮುಂಗೈಯ ಒಳಭಾಗದಲ್ಲಿ ಎಳೆದು ನೋಡಿ ತಿಳಿದುಕೊಳ್ಳಿ. ಅಲ್ಲಿ ಕೆಂಪು ಗೀರು ಬಿದ್ದರೆ ನಾಯಿಗೂ ಬೀಳುತ್ತದೆ. ಸಡಿಲ ಕೂದಲು ತೆಗೆಯುವ, ಬ್ಲೇಡ್ ಇರುವ ಡಿಶೆಡ್ಡಿಂಗ್ ಸಾಧನವನ್ನು ಒಂದೇ ಜಾಗದಲ್ಲಿ ಪದೇ ಪದೇ ಎಳೆಯಬೇಡಿ. ಒಳಗೂದಲು ಮುಗಿದ ಮೇಲೆ ಅದು ಹೊರಗೂದಲನ್ನೂ ತುಂಡರಿಸುತ್ತದೆ. ನಮ್ಮ ಉಪ್ಪುಗಾಳಿಗೆ ಬ್ರಷ್‌ನ ತಂತಿಗಳು ಬೇಗ ತುಕ್ಕು ಹಿಡಿಯುತ್ತವೆ, ತುಕ್ಕಿನ ತುದಿ ಚರ್ಮ ಗೀರುತ್ತದೆ. ತೊಳೆದ ಮೇಲೆ ಒರೆಸಿ ಒಣಗಿಸಿ ಮುಚ್ಚಳದ ಡಬ್ಬಿಯಲ್ಲಿಡಿ.

ಸ್ನಾನ

ಮೊದಲು ಬಾಚಿ, ಆಮೇಲೆ ಸ್ನಾನ. ಸಿಕ್ಕು ಇರುವಾಗಲೇ ನೀರು ಹಾಕಿದರೆ ಅದು ಬಿಗಿದು ಗಂಟಾಗುತ್ತದೆ. ನಾಯಿಯ ಹೊರಚರ್ಮ ಮನುಷ್ಯರದಕ್ಕಿಂತ ತೆಳು, ಅದರ ಆಮ್ಲೀಯತೆಯೂ ಕಡಿಮೆ. ಹಾಗಾಗಿ ನಮ್ಮ ಶ್ಯಾಂಪೂ, ಬಟ್ಟೆ ಸೋಪು ಬೇಡ. 25 ಕಿಲೋದ ನಾಯಿಗೆ ಸುಮಾರು 50 ಮಿ.ಲೀ. ನಾಯಿ ಶ್ಯಾಂಪೂವನ್ನು ಅರ್ಧ ಲೀಟರ್ ನೀರಿಗೆ ಕಲಸಿಕೊಂಡರೆ ಬುಡದವರೆಗೆ ಸಮನಾಗಿ ಇಳಿಯುತ್ತದೆ, ತೊಳೆಯುವುದೂ ಸುಲಭ. ನೀರು ಉಗುರುಬೆಚ್ಚಗಿರಲಿ. ನೊರೆ ಐದು ನಿಮಿಷ ಇರಲಿ, ವೈದ್ಯರು ಕೊಟ್ಟ ಔಷಧದ ಶ್ಯಾಂಪೂ ಆದರೆ ಹತ್ತು. ತೊಳೆಯಲು ಹಚ್ಚಿದ್ದಕ್ಕಿಂತ ದುಪ್ಪಟ್ಟು ಹೊತ್ತು ಕೊಡಿ. ಒಳಗೆ ಉಳಿದ ಶ್ಯಾಂಪೂ ತುರಿಕೆ ತರುತ್ತದೆ, ತುರಿಸಿಕೊಂಡರೆ ಇನ್ನಷ್ಟು ಉದುರುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಸ್ನಾನ ಸಾಕು. ಉಣ್ಣಿಗೆಂದು ಕತ್ತಿನ ಹಿಂದೆ ಹನಿ ಔಷಧ ಹಾಕುವವರು ಅದರ ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಸ್ನಾನ ತಪ್ಪಿಸಿ.

ಒಣಗಿಸುವುದು

ಬೇಸಿಗೆಯಲ್ಲಿ ಅಂಗಳದ ಬಿಸಿಲು ಅರ್ಧ ಕೆಲಸ ಮಾಡುತ್ತದೆ. ಆಟಿಯ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮಳೆಯಲ್ಲಿ ಬಟ್ಟೆಯೇ ಮೂರು ದಿನ ಒಣಗದಿರುವಾಗ ಗೋಲ್ಡನ್ ರಿಟ್ರೀವರ್‌ನ ಒಳಗೂದಲು ತಾನಾಗಿ ಒಣಗುತ್ತದೆ ಎಂದು ನಂಬಬೇಡಿ. ಎರಡು ಮೂರು ಬೈರಾಸು (ಟವೆಲ್) ಇಟ್ಟುಕೊಂಡು ಒತ್ತಿ ಒತ್ತಿ ನೀರು ಹೀರಿಸಿ. ಉಜ್ಜಿದರೆ ಸಿಕ್ಕಾಗುತ್ತದೆ. ಆಮೇಲೆ ಟೇಬಲ್ ಫ್ಯಾನ್ ಮುಂದೆ ಅಥವಾ ಹೇರ್ ಡ್ರೈಯರನ್ನು ತಣ್ಣನೆಯ ಗಾಳಿಗಿಟ್ಟು, ಒಂದಡಿ ದೂರದಿಂದ, ಬಾಚುವಾಗ ಮಾಡಿದಂತೆಯೇ ಗೆರೆ ಗೆರೆಯಾಗಿ ಬಿಡಿಸುತ್ತ ಒಣಗಿಸಿ. ಹೀಗೆ ಮಾಡುವಾಗ ಸ್ನಾನದಲ್ಲಿ ಸಡಿಲವಾದ ಕೂದಲು ರಾಶಿ ರಾಶಿ ಹೊರಬರುತ್ತದೆ. ಉದುರುವಿಕೆ ಹತೋಟಿಗೆ ಬರುವುದು ಮುಖ್ಯವಾಗಿ ಈ ಹೊತ್ತಿನ ಬಾಚುವಿಕೆಯಿಂದ.

ಮುಗಿಯಿತೇ ಎಂದು ನೋಡಲು ಕಿವಿಯ ಹಿಂದೆ, ಬಾಲದ ಬುಡದಲ್ಲಿ, ಕಾಲ್ಬೆರಳ ಸಂದಿನಲ್ಲಿ ಕೂದಲು ಬಿಡಿಸಿ ಟಿಶ್ಯೂ ಪೇಪರ್ ಒತ್ತಿ. ಪೇಪರ್ ಮೆತ್ತಗಾದರೆ ಇನ್ನೂ ತೇವವಿದೆ. ಹಾಗೇ ಬಿಟ್ಟರೆ ಒಂದೇ ದಿನದಲ್ಲಿ ನಾಣ್ಯದಗಲದ ಕೆಂಪು, ಜಿಗುಟು ಗಾಯ ಏಳಬಹುದು, ನಾಯಿ ನೆಕ್ಕಿ ನೆಕ್ಕಿ ಅದನ್ನು ದೊಡ್ಡದು ಮಾಡುತ್ತದೆ. ಇದನ್ನೇ ಹಾಟ್‌ಸ್ಪಾಟ್ ಎನ್ನುವುದು. ಅದರ ಮೇಲೆ ತೆಂಗಿನೆಣ್ಣೆ ಹಚ್ಚಬೇಡಿ, ತೇವ ಒಳಗೇ ಉಳಿಯುತ್ತದೆ. ಮಳೆಯಲ್ಲಿ ತಿರುಗಾಡಿ ಬಂದಾಗಲೆಲ್ಲ ಸ್ನಾನ ಬೇಕಿಲ್ಲ. ಕಾಲು, ಹೊಟ್ಟೆ ತೊಳೆದು ಬೆರಳ ಸಂದು ಒರೆಸಿದರೆ ಸಾಕು.

ಸೆಕೆ ಎಂದು ಒಳಗೂದಲಿನ ನಾಯಿಗೆ ಪೂರ್ತಿ ಬೋಳಿಸುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಹೊರಗೂದಲು ಬಿಸಿಲನ್ನು ತಡೆಯುತ್ತದೆ. ಬೋಳಿಸಿದ ಮೇಲೆ ಅದು ಕೆಲವೊಮ್ಮೆ ತೇಪೆ ತೇಪೆಯಾಗಿ ಬರುತ್ತದೆ, ಉದುರುವುದೂ ನಿಲ್ಲುವುದಿಲ್ಲ, ಗಿಡ್ಡ ಚೂರುಗಳು ಬಟ್ಟೆಗೆ ಚುಚ್ಚಿಕೊಳ್ಳುತ್ತವೆ.

ಬೆಕ್ಕು

ಆರೋಗ್ಯವಂತ ಬೆಕ್ಕಿಗೆ ಸಾಮಾನ್ಯವಾಗಿ ಸ್ನಾನ ಬೇಡ. ಪರ್ಷಿಯನ್‌ಗೆ ದಿನವೂ, ನಾಟಿ ಬೆಕ್ಕಿಗೆ ವಾರಕ್ಕೊಮ್ಮೆ ಬಾಚಿದರೆ ನೆಕ್ಕಿ ನುಂಗುವ ಕೂದಲು ಕಡಿಮೆಯಾಗಿ ಕೂದಲುಂಡೆ ಕಕ್ಕುವುದೂ ಇಳಿಯುತ್ತದೆ. ಗಂಟಿಗೆ ಕತ್ತರಿ ಹಾಕಬೇಡಿ. ಬೆಕ್ಕಿನ ಚರ್ಮ ತೆಳು, ಗಂಟಿನ ಜೊತೆ ಮೇಲೆದ್ದು ಬಂದು ಕತ್ತರಿಗೆ ಸಿಗುತ್ತದೆ. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಬುಡವನ್ನು ಬೆರಳಲ್ಲಿ ಹಿಡಿದು, ತುದಿಯಿಂದ ಬಿಡಿಸುತ್ತ ಬನ್ನಿ. ಪರ್ಮೆಥ್ರಿನ್ ಇರುವ ನಾಯಿಯ ಉಣ್ಣಿ ಔಷಧ ಬೆಕ್ಕಿಗೆ ವಿಷ, ಜೀವವನ್ನೇ ತೆಗೆಯಬಹುದು.

ಊಟ

ಕೂದಲು ಹೆಚ್ಚುಕಡಿಮೆ ಪೂರ್ತಿ ಪ್ರೋಟೀನ್. ಕುಚ್ಚಲಕ್ಕಿ ಗಂಜಿಗೆ ಸಾರು ಕಲಸಿ ಹಾಕಿದರೆ ಹೊಟ್ಟೆ ತುಂಬುತ್ತದೆ, ಕೂದಲಿಗೆ ಏನೂ ಸಿಗುವುದಿಲ್ಲ. ಸಾರಿನ ಈರುಳ್ಳಿ, ಬೆಳ್ಳುಳ್ಳಿ ನಾಯಿ, ಬೆಕ್ಕು ಎರಡಕ್ಕೂ ಕೆಡುಕು. ನಮ್ಮ ಬೂತಾಯಿ (ಸಾರ್ಡೀನ್) ಮೀನಿನಲ್ಲಿ ಒಮೇಗಾ-3 ಧಾರಾಳವಿದೆ. ಉಪ್ಪು, ಖಾರ ಹಾಕದೆ ಬೇಯಿಸಿ, ತಲೆ, ಮುಳ್ಳು ತೆಗೆದು ದೊಡ್ಡ ನಾಯಿಗೆ ವಾರಕ್ಕೆರಡು ಸಲ ಒಂದೆರಡು ಮೀನು ಕೊಡಬಹುದು. ಹಸಿಯಾಗಿ ಬೇಡ, ಅದರಲ್ಲಿನ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಕೆಡಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಿರುವಾಗ ಒಣಮೀನು ಹಾಕುವುದು ತಪ್ಪು, ಉಪ್ಪು ವಿಪರೀತ. ಆ ದಿನಗಳಿಗೆ ವೈದ್ಯರು ತೂಕ ನೋಡಿ ಹೇಳಿದಷ್ಟು ಮೀನೆಣ್ಣೆ ಸಾಕು. ಬದಲಾವಣೆ ಕಾಣಲು ಆರರಿಂದ ಎಂಟು ವಾರ ಬೇಕು.

ವೈದ್ಯರ ಬಳಿ ಯಾವಾಗ

ಮೈತುಂಬ ಸಮನಾಗಿ ಉದುರಿ ಕೆಳಗಿನ ಚರ್ಮ ಸ್ವಚ್ಛವಿದ್ದರೆ ಚಿಂತೆ ಬೇಡ. ಬೋಳು ತೇಪೆ, ಹೊಟ್ಟು, ಪಕ್ಕು, ದುರ್ವಾಸನೆ, ಬಿಡದ ತುರಿಕೆ ಇದ್ದರೆ ಬಾಚಿ ಸರಿಯಾಗುವಂಥದ್ದಲ್ಲ. ಎರಡೂ ಮಗ್ಗುಲಲ್ಲಿ ಒಂದೇ ರೀತಿ ಬೋಳಾಗಿ, ನಾಯಿ ಮಂಕಾಗಿ ದಪ್ಪವಾಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ದುಂಡಗಿನ ಬೋಳು ಕಲೆ ಹುಳುಕಡ್ಡಿಯಾಗಿರಬಹುದು, ಅದು ಮನೆಯ ಮಕ್ಕಳಿಗೂ ಹರಡುತ್ತದೆ. ವೈದ್ಯರು ಅಲ್ಲವೆಂದು ಹೇಳುವವರೆಗೆ ಆ ಪ್ರಾಣಿಯ ಬಾಚಣಿಗೆ, ಬೈರಾಸು, ಮಲಗುವ ಚಾಪೆ ಬೇರೆಯೇ ಇರಲಿ.