ಮಾಳಗಿ ಹತ್ತಲಾರದ ರೇಟ್ ಹೇಳಾವ್ರಿಗೆ ಕೆಲಸ ಕೊಡಬ್ಯಾಡ್ರಿ

ಮಿರಗದ ಮಳಿ ಶುರು ಆತಂದ್ರ ನನ್ನ ಫೋನು ಸುಮ್ನ ಇರಂಗಿಲ್ಲ. "ಸರ್, ಬೆಡ್‌ರೂಮಿನ್ಯಾಗ ಸೋರಾಕತ್ತೈತಿ, ನಾಳೆನ ಬರ್ರಿ" ಅಂತ ಟಿಳಕವಾಡಿಯಿಂದ ಒಬ್ರು, ವಡಗಾವಿಯಿಂದ ಒಬ್ರು. ನಾಳೆ ಬಂದು ಏನ್ ಮಾಡ್ಲಿ? ತೊಯ್ದ ಸ್ಲ್ಯಾಬಿನ ಮ್ಯಾಲ ಸೋರೂದು ತಡಿಯಾಕ ಹಚ್ಚೂ ಬಹಳಷ್ಟು ಕೆಮಿಕಲ್ ಹಿಡಿಯಂಗಿಲ್ಲ, ಬೆಳಗಾವಿ ಮಳಿ ಒಮ್ಮೆ ಹಿಡೀತಂದ್ರ ಬಿಸಲು ನೋಡಾಕ ಸಪ್ಟೆಂಬರ್ ತನಕ ಕಾಯಬೇಕು. ಗುತ್ತಿಗೆದಾರನ್ನ ಹುಡುಕೂದು ಸಂಕ್ರಾಂತಿ ಮುಗದ ಕೂಡ್ಲೆ ಶುರು ಮಾಡ್ರಿ. ಮೇ ತಿಂಗಳದಾಗ ಯಾರರ ಖಾಲಿ ಕುಂತಾವ ಸಿಕ್ಕ್ರ, ಅಂವ ಯಾಕ ಖಾಲಿ ಅದಾನ ಅಂತ ಒಂದ್ ಸಲ ವಿಚಾರ ಮಾಡ್ರಿ.

ಅನಗೋಳದಾಗ ಒಬ್ಬ ರಿಟಾಯರ್ಡ್ ಮಾಸ್ತರ್ ಮನಿ. ಮೂರು ಮಂದಿನ್ನ ಕರಸಿದ್ರು. ಮೊದಲಿನಾಂವ ಫೋನಿನ್ಯಾಗ ಎಷ್ಟು ಚದರ ಫೂಟ್ ಐತಿ ಅಂತ ಕೇಳಿ ಅಲ್ಲೇ ಲೆಕ್ಕಾ ಹಾಕಿ ಹೇಳಿಬಿಟ್ಟ. ಎರಡನೇದಾಂವ ಅಂಗಳದಾಗ ನಿಂತು ಚಾ ಕುಡದು, "ಪೂರ್ತಿ ಕಿತ್ತು ಕೋಬಾ ಹಾಕ್ಬೇಕ್ರಿ ಮಾಸ್ತರ" ಅಂದ. ಕೋಬಾ ಅಂದ್ರ ನೀರು ಇಳೀಬಾರದಂತ ಇಟ್ಟಂಗಿ ಚೂರು, ಸಿಮೆಂಟ್ ಕೂಡ್ಸಿ ಸ್ಲ್ಯಾಬಿನ ಮ್ಯಾಲ ಹಾಕೂ ದಪ್ಪ ಪದರ. ಮೂರನೇದಾಂವ ವಯಸ್ಸಾದ ಗೌಂಡಿ, ಮಾತು ಕಡಿಮಿ. ಎರಡು ಕೊಡ ನೀರು ತಗೊಂಡು ಮ್ಯಾಲ ಹತ್ತಿದ, ಸುರುವಿದ, ನೀರು ಎತ್ತಾಗ ಹೊಕ್ಕೈತಿ ನೋಡಕೋತ ಕುಂತ. ಪೈಪಿನ ಬಾಯಿ ಹತ್ರ ಹೋಗೋ ಬದಲಿ ಪ್ಯಾರಾಪೆಟ್ ಗ್ವಾಡಿ ಮೂಲ್ಯಾಗ ನಿಂತಿತ್ತು. ಗ್ವಾಡಿಗೂ ಸ್ಲ್ಯಾಬಿಗೂ ನಡುವ ಬೆರಳಿನ ಉಗುರು ಹೋಗುವಷ್ಟು ಸೀಳು. "ಸ್ಲ್ಯಾಬ್ ಗಟ್ಟಿ ಐತ್ರಿ ಮಾಸ್ತರ, ಸೋರೂದು ಈ ಜೋಡಣಿ, ಪೈಪಿನ ಬಾಯಿನೂ ಎತ್ತರ ಆಗೈತಿ, ಅಷ್ಟ ಮಾಡಿದ್ರ ಸಾಕು" ಅಂದ. ಸೀಳು ಬಿಡಿಸಿ ತುಂಬಿ ಮೂಲಿಗೆ ನೀರು ನಿಲ್ಲದಂಗ ಸಿಮೆಂಟಿನ ಇಳಿಜಾರು ವಾಟಾ ಕಟ್ಟಿ ಪೈಪಿನ ಬಾಯಿ ಇಳಿಸಿದ, ಎರಡು ದಿನದ ಕೆಲಸ. ಸುಮ್ನ ಕೋಬಾ ಹಾಕಿದ್ರ ಖರ್ಚು ಒಂದ್ ಕಡೆ, ಹಳೇ ಸ್ಲ್ಯಾಬಿನ ಮ್ಯಾಲ ಹೊಸ ಭಾರ ಇನ್ನೊಂದ್ ಕಡೆ.

ಹೊಸ ಸ್ಲ್ಯಾಬ್ ಹಾಕಸಾವ್ರು ರೇಟಿಗಿಂತ ಮೊದಲ ಎರಡು ಪ್ರಶ್ನೆ ಕೇಳ್ರಿ. ಕವರ್ ಬ್ಲಾಕ್, ಅಂದ್ರ ಕಬ್ಬಿಣದ ಸಳಿ ಕೆಳಗ ಇಡೂ ಸಿಮೆಂಟ್ ಬಿಲ್ಲಿ, ಎಷ್ಟು ದಪ್ಪಂದು ಇಡ್ತೀ? 20 ಎಮ್‌ಎಮ್ ಅಂತ ಥಟ್ಟನೆ ಹೇಳಬೇಕು, "ಒಂದು ಖಡಿ ಇಟ್ರ ಆತ್ರಿ" ಅಂದ್ರ ಅಂವನ್ನ ಅಲ್ಲಿಂದನ ಕಳಸ್ರಿ. ಸಳಿ ಕೆಳಗಿನ ಸೆಂಟ್ರಿಂಗ್ ಪ್ಲೇಟಿಗೆ ಹತ್ತಿ ಕುಂತ್ರ ಮುಂದ ತುಕ್ಕು ಹಿಡದು ಸಿಮೆಂಟ್ ಹೊಪ್ಪಳಿ ಹೊಪ್ಪಳಿ ಉದರೂದು ಗ್ಯಾರಂಟಿ. ಎರಡನೇದು, ಎಷ್ಟು ದಿನ ನೀರು ಹೊಡಸ್ತೀ? ಈಗ ಅಂಗಡ್ಯಾಗ ಸಿಗೂದು ಬಹಳಷ್ಟು ಪಿಪಿಸಿ, ಅಂದ್ರ ಹಾರುಬೂದಿ ಬೆರಸಿದ ಸಿಮೆಂಟು, ಅದಕ್ಕ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಕಡಿಮಿ ಅಂದ್ರ 10 ದಿನ ಕ್ಯೂರಿಂಗ್ ಬೇಕು, ಬಿಸಲು ಒಣಹವಾ ಇದ್ರ 14 ದಿನ ಛಲೋ. ವಿಜಯಪುರ ಬಾಗಲಕೋಟಿ ಕಡೆ ಏಪ್ರಿಲ್‌ದಾಗ ಮುಂಜಾನೆ ಹೊಡದ ನೀರು ಮಧ್ಯಾಹ್ನದಾಗ ಕಾಣಸಂಗಿಲ್ಲ, ಅದಕ್ಕ ಗದ್ದಿ ಮಡಿ ಕಟ್ಟಿದಂಗ ಸ್ಲ್ಯಾಬಿನ ಮ್ಯಾಲ ಮಡಿ ಕಟ್ಟಿ ನೀರು ನಿಲ್ಲಸೂದ ಒಳ್ಳೇದು. ಇದನ್ನ ತಾನ ಆಗಿ ಹೇಳೋ ಗುತ್ತಿಗೆದಾರ ಸಿಕ್ಕ್ರ ಚದರ ಫೂಟಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದ್ರೂ ಬಿಡಬ್ಯಾಡ್ರಿ.

ಮಾಳಗಿಗೆ ತಗಡಿನ ಪತ್ರಾಸ ಹಾಕಸೋರಿಗೆ ಮೋಸ ಆಗೂದು ದಪ್ಪದಾಗ. ಕೊಟೇಶನ್‌ದಾಗ 0.50 ಎಮ್‌ಎಮ್ ಬರದಿರ್ತಾರ, ಬರೂದು 0.35. ಕಣ್ಣಿಗೆ ಎರಡೂ ಒಂದ ನಮೂನಿ, ಬಣ್ಣನೂ ಒಂದ. ಗಾಡಿಯಿಂದ ಇಳಸುವಾಗ ಒಂದು ಹಾಳಿ ತೂಕಕ್ಕ ಹಾಕ್ರಿ. 4 ಫೂಟ್ ಅಗಲದ ಸಪಾಟ ತಗಡಿನಿಂದ ಮಾಡಿದ 10 ಫೂಟಿನ ಹಾಳಿ 0.50 ಇದ್ರ 14 ಕೆಜಿ ಆಸುಪಾಸು ಬರ್ತೈತಿ, 0.35 ಇದ್ರ 10ಕ್ಕ ನಿಂತಬಿಡ್ತೈತಿ. ಸ್ಕ್ರೂ ಕೆಳಗ ರಬ್ಬರ್ ವಾಷರ್ ಐತೋ ಇಲ್ಲೋ, ಅದನ್ನ ಹಿಚಕಿ ಬಿಗಿಯಂಗಿಲ್ಲ ತಾನ, ಇದನ್ನೂ ನೋಡ್ರಿ. ಅಂಚಿನ ಸ್ಕ್ರೂ ಎಣಸ್ರಿ, ಯಾಕಂದ್ರ ಅಡ್ಡಮಳಿ ಗಾಳಿಗೆ ಹಾರಿ ಹೋಗೂದು ಅಂಚಿನ ಹಾಳಿನ ಮೊದಲು, ಅಲ್ಲೇ ಇವ್ರು ಸ್ಕ್ರೂ ಉಳಸ್ತಾರ.

"10 ವರ್ಷ ಗ್ಯಾರಂಟಿ" ಅನ್ನೂ ಮಾತಿಗೆ ನಾನು ಕಿಂವಿನ ಕೊಡಂಗಿಲ್ಲ. ಅದರ ಬದಲಿ ಮೂರು ಮಳಿಗಾಲ ತಿಂದ ಅಂವನ ಹಳೇ ಕೆಲಸ ಎಲ್ಲೈತಿ ಕೇಳ್ರಿ, ಆ ಮನಿಯವ್ರ ಹತ್ರ ಅಂವ ಇಲ್ಲದಾಗ ಹೋಗಿ ಕೇಳ್ರಿ. ಮಾಲು ಯಾವ ಕಂಪನಿದು, ದಪ್ಪ ಎಷ್ಟು, ಸೋರಿದ್ರ ಯಾರ ಖರ್ಚು, ಕೂಲಿಯವ್ರು ಬಿದ್ರ ಯಾರು ನೋಡಕೊಳ್ಳೂದು, ಎಲ್ಲಾ ಕಾಗದದ ಮ್ಯಾಲ ಬರಲಿ. ಕೆಮಿಕಲ್ ಡಬ್ಬಿ ನಿಮ್ಮ ಮುಂದನ ಒಡೀಲಿ, ತಯಾರಾದ ತಾರೀಖು ಓದ್ರಿ, ಖಾಲಿ ಡಬ್ಬಿ ನಿಮ್ಮಲ್ಲೇ ಇರ್ಲಿ, ಇಲ್ಲಂದ್ರ ಐದು ಡಬ್ಬಿ ಲೆಕ್ಕದಾಗ ಮೂರ ಹಚ್ಚಿರ್ತಾರ. ರೊಕ್ಕ ಕೆಲಸ ಸಾಗಿದಂಗ ಕೊಡ್ರಿ, ಕಡೀ ಹತ್ತು ಪರ್ಸೆಂಟ್ ಒಂದು ಮಳಿ ಆದ ಮ್ಯಾಲ ಅಂತ ಮೊದಲ ಬರಸ್ರಿ.

ಇದನ್ನ ಹೇಳಾಂವ ನಾನೂ ಒಮ್ಮೆ ಬಿದ್ದಾಂವ. ಸ್ವಂತ ಮನಿ ಟೆರೇಸಿಗೆ ಪೈಕಿಯವ್ರನ್ನ ಹಚ್ಚಿದೆ, ಕಾಗದಾ ಮಾಡಲಿಲ್ಲ, ಪೈಕಿಯವ್ರಿಗೆ ಏನ್ ಕಾಗದಾ ಕೇಳೂದು ಅಂತ ಪೂರ್ತಿ ರೊಕ್ಕ ಕೈಯಾಗ ಇಟ್ಟೆ. ಜುಲೈದಾಗ ಅಡಗಿ ಮನ್ಯಾಗ ಬೋಗಾಣಿ ಇಟ್ಟು ಕುಂತಾಗ ಅವ್ರು ಫೋನ್ ಎತ್ತಲಿಲ್ಲ. ನನ್ನಾಕಿ ಈಗೂ ಸೈಟಿಗೆ ಹೊಂಟಾಗ ಕೇಳ್ತಾಳ, "ಬೋಗಾಣಿ ಕೊಡ್ಲೇನ್ರಿ?" ಅಂತ.

ಮಾಸ್ತರ ಮನಿ ಗೌಂಡಿದು ಒಂದು ಹೇಳೂದು ಉಳೀತು. ಅಂವಗೂ ಎರಡು ಸಾವಿರ ಹಿಡದಿದ್ರು. ಆಗಸ್ಟ್‌ದಾಗ ಜಡಿಮಳಿ ಹತ್ತಿದಾಗ ಕೊಪ್ಪಿ ಹೊತಗೊಂಡು ತಾನ ಬಂದ, ಒಳಗ ಹೋಗಿ ಮೂಲಿಗೆ ಕೈ ಇಟ್ಟು ನೋಡಿದ, ಒಣಾ ಇತ್ತು. ಆಮ್ಯಾಲ ರೊಕ್ಕ ಇಸಗೊಂಡು, ಚಾ ಕುಡದು ಹೋದ.