ಪುಸ್ತಕ ತೆರೆಯಲಿಲ್ಲ ಅಂತ ಹೊಸ ಅಕೌಂಟ್ ಮಾಡಬೇಡಿ

ಇ-ಪುಸ್ತಕ ಓದುವ ಕಿಂಡಲ್ ಇರಲಿ, ಕೋಬೋ ಇರಲಿ, ಫೋನಿನ ಗೂಗಲ್ ಪ್ಲೇ ಬುಕ್ಸ್ ಇರಲಿ, ‘ಆ್ಯಕ್ಟಿವೇಟ್ ಆಗ್ತಿಲ್ಲ’ ಅಂತ ನನ್ನ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಬರುವ ಮುಂಚೆಯೇ ಒಂದು ಕೆಲಸ ಮಾಡಿ ಮುಗಿಸಿರುತ್ತಾರೆ. ಹೊಸ ಅಕೌಂಟ್ ತೆರೆದಿರುತ್ತಾರೆ. ಹಳೆಯದರ ಪಾಸ್‌ವರ್ಡ್ ನೆನಪಿಗೆ ಬರಲಿಲ್ಲ, ಎರಡು ಸಲ ಹಾಕಿದರು, ಕೆಂಪು ಅಕ್ಷರ ಬಂತು, ಸಿಟ್ಟು ಬಂತು, ಬೇರೆ ಮೇಲ್ ವಿಳಾಸ ಕೊಟ್ಟರು. ತಕ್ಷಣ ಒಳಗೆ ಬಿಟ್ಟಿತು. ಖುಷಿಯಾಯಿತು. ಆಮೇಲೆ ನೋಡಿದರೆ ಲೈಬ್ರರಿ ಖಾಲಿ. ‘ದುಡ್ಡು ಕೊಟ್ಟು ಕೊಂಡ ಪುಸ್ತಕ ಎಲ್ಲಾ ಎಲ್ಲಿ ಹೋದವು ಸಾರ್?’

ಎಲ್ಲೂ ಹೋಗಿಲ್ಲ. ಹಳೇ ಅಕೌಂಟಿನಲ್ಲೇ ಇವೆ. ನೀವು ಬೇರೆ ಹೆಸರಿನಲ್ಲಿ ಒಳಗೆ ಬಂದಿದ್ದೀರಿ, ಅಷ್ಟೇ.

ಇಷ್ಟು ಹೇಳಿದರೆ ಸಾಕು ಅಂತ ನೀವು ಅಂದುಕೊಳ್ಳಬಹುದು. ಸಾಲುವುದಿಲ್ಲ. ತಲೆ ಆಡಿಸಿ ಹೋದವರೇ ಮುಂದಿನ ತಿಂಗಳು ಮೂರನೇ ಅಕೌಂಟ್ ಹಿಡಿದು ಬರುತ್ತಾರೆ. ಹಾಗಾಗಿ ಗ್ಯಾಸ್ ಸಿಲಿಂಡರ್ ಲೆಕ್ಕದಲ್ಲಿ ಹೇಳುತ್ತೇನೆ. ಗ್ಯಾಸ್ ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರ ನಂಬರಿಗೇ ಕೋಡ್ ಬರುವುದು. ನೀವು ಒಲೆ ಬದಲಾಯಿಸಿ, ಎರಡು ಬರ್ನರಿನದು ಬಿಟ್ಟು ನಾಲ್ಕು ಬರ್ನರಿನದು ತನ್ನಿ, ಕನೆಕ್ಷನ್ನಿಗೆ ಏನೂ ಆಗುವುದಿಲ್ಲ. ಆದರೆ ಸಿಲಿಂಡರ್ ಬರಲಿಲ್ಲ ಅಂತ ಬೇರೆ ಏಜೆನ್ಸಿಗೆ ಹೋಗಿ ಹೊಸ ಕನೆಕ್ಷನ್ ಮಾಡಿಸಿದರೆ, ಹಳೇ ಕನೆಕ್ಷನ್ನಿನಲ್ಲಿ ಬುಕ್ ಆಗಿರುವ ಸಿಲಿಂಡರ್ ಅಲ್ಲಿಗೆ ಬರುತ್ತದಾ? ಬರಲ್ಲ ಅಲ್ವಾ? ನಿಮ್ಮ ಕೈಯಲ್ಲಿರುವ ಕಿಂಡಲ್, ಟ್ಯಾಬ್, ಫೋನ್ ಎಲ್ಲಾ ಒಲೆ. ಪುಸ್ತಕ ಇರುವುದು ಕನೆಕ್ಷನ್ನಿನಲ್ಲಿ, ಅಂದರೆ ಕೊಂಡ ದಿನ ನೀವು ಯಾವ ಅಕೌಂಟಿನಲ್ಲಿದ್ದಿರೋ ಅದರಲ್ಲಿ. ಫೈಲು ನಿಮ್ಮ ಮೆಮೊರಿ ಕಾರ್ಡಿನಲ್ಲೇ ಇದ್ದರೂ ಅಷ್ಟೆ, ಅದರ ಬೀಗದ ಕೈ ಆ ಅಕೌಂಟಿನ ಹತ್ತಿರವೇ ಇರುತ್ತದೆ.

ಈ ಗೋಜಲಿಗೆ ನಮ್ಮ ಊರುಗಳಲ್ಲಿ ಮೊದಲ ಕಾರಣ ಫೋನ್ ಅಂಗಡಿ. ಹೊಸ ಫೋನ್ ಕೊಂಡಾಗ ಕೌಂಟರಿನಲ್ಲಿರುವ ಹುಡುಗ ‘ಜಿಮೇಲ್ ಇದೆಯಾ ಅಂಕಲ್?’ ಅಂತಾನೆ. ನೀವು ‘ಇದೆ, ಪಾಸ್‌ವರ್ಡ್ ಗೊತ್ತಿಲ್ಲ’ ಅಂತೀರಿ. ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಅವನು ನಿಮ್ಮ ಹೆಸರಿನ ಮುಂದೆ ನಾಲ್ಕು ಅಂಕಿ ಸೇರಿಸಿ, ಹುಟ್ಟಿದ ದಿನ ಜನವರಿ 1 ಅಂತ ಹಾಕಿ, ಎರಡು ನಿಮಿಷದಲ್ಲಿ ಹೊಸ ಜಿಮೇಲ್ ಮಾಡಿ ಕೊಡುತ್ತಾನೆ. ಪಾಪ, ಅವನ ತಪ್ಪೂ ಅಲ್ಲ. ಹೀಗೆ ಮೂರು ಫೋನ್ ಬದಲಾಯಿಸಿದವರಿಗೆ ಮೂರು ಜಿಮೇಲ್. ಕಾದಂಬರಿ ಕೊಂಡಿದ್ದು ಮೊದಲನೆಯದರಲ್ಲಿ, ಮೊಮ್ಮಗಳ ಕಥೆ ಪುಸ್ತಕ ಎರಡನೆಯದರಲ್ಲಿ, ಈಗ ಓದಲು ಕೂತಿರುವುದು ಮೂರನೆಯದರಲ್ಲಿ.

ಕನ್ನಡ ಓದುವವರಿಗೆ ಇದು ಇನ್ನೂ ಜಾಸ್ತಿ ಕಾಡುತ್ತದೆ. 2016ರ ಕೊನೆಯಲ್ಲಿ ಕಿಂಡಲ್ ಭಾರತೀಯ ಭಾಷೆಗಳ ಪುಸ್ತಕ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಹಾಗಾಗಿ ನಮ್ಮವರು ಇಂಗ್ಲಿಷಿಗೆ ಕಿಂಡಲ್, ಕನ್ನಡಕ್ಕೆ ಪ್ಲೇ ಬುಕ್ಸ್ ಅಥವಾ ಮೈಲ್ಯಾಂಗ್‌ನಂಥ ಕನ್ನಡದ ಆ್ಯಪ್ ಅಂತ ಹಂಚಿಕೊಂಡರು. ಒಂದೊಂದಕ್ಕೂ ಬೇರೆ ಬೇರೆ ಲಾಗಿನ್. ಯಾವುದರಲ್ಲಿ ಯಾವುದನ್ನು ಕೊಂಡೆ ಅಂತ ನೆನಪಿಟ್ಟುಕೊಳ್ಳುವುದು ನನಗೂ ಕಷ್ಟವೇ.

ಪರಿಹಾರ ಸಣ್ಣದು. ಪುಸ್ತಕ ಕೊಂಡ ದಿನ ಒಂದು ರಸೀದಿ ಮೇಲ್ ಬಂದಿರುತ್ತದೆ. ನಿಮಗೆ ನೆನಪಿರುವ ಪ್ರತಿ ಮೇಲ್ ಪೆಟ್ಟಿಗೆಯಲ್ಲೂ ಪುಸ್ತಕದ ಹೆಸರು ಹಾಕಿ ಹುಡುಕಿ. ಆ ರಸೀದಿ ಯಾವ ವಿಳಾಸಕ್ಕೆ ಬಂದಿದೆಯೋ ಸಾಮಾನ್ಯವಾಗಿ ಅದೇ ಅಕೌಂಟ್. ಆ್ಯಂಡ್ರಾಯ್ಡ್ ಫೋನಿನ ಪ್ಲೇ ಬುಕ್ಸ್‌ನಲ್ಲಿ ಮೇಲೆ ಬಲಗಡೆ ಒಂದು ಪುಟ್ಟ ದುಂಡನೆಯ ಚಿತ್ರ ಇರುತ್ತದೆ. ಅದನ್ನು ಒತ್ತಿ, ಹಳೇ ಜಿಮೇಲ್ ಅಲ್ಲಿದ್ದರೆ ಆರಿಸಿ, ಇಲ್ಲದಿದ್ದರೆ ಸೇರಿಸಿ. ಒಂದೇ ಫೋನಿನಲ್ಲಿ ಎರಡು ಮೂರು ಗೂಗಲ್ ಅಕೌಂಟ್ ಇಟ್ಟುಕೊಳ್ಳಬಹುದು. ಹೊಸದನ್ನು ಅಳಿಸುವ ಗೋಜಿಗೂ ಹೋಗಬೇಕಿಲ್ಲ. ಪಾಸ್‌ವರ್ಡ್ ಮರೆತಿದ್ದರೆ ‘ಮರೆತಿದ್ದೇನೆ’ ಅನ್ನುವ ಬಟನ್ ಇದೆಯಲ್ಲ, ಅದು ಇರುವುದೇ ನಿಮಗಾಗಿ. ನಾಚಿಕೆ ಬೇಡ.

ಎರಡು ವರ್ಷ ಬಳಸದ ಅಕೌಂಟನ್ನು ಗೂಗಲ್ ಅಳಿಸಿಬಿಡುತ್ತದಂತೆ ಅಂತ ಹೆದರಿ ಬಂದವರೂ ಇದ್ದಾರೆ. ಅಂಥ ನಿಯಮ 2023ರ ಡಿಸೆಂಬರಿನಿಂದ ಇರುವುದು ನಿಜ. ಆದರೆ ಪುಸ್ತಕ, ಸಿನಿಮಾದಂಥ ವಸ್ತು ಕೊಂಡಿರುವ ಅಕೌಂಟಿಗೆ ಅದರಲ್ಲಿ ವಿನಾಯಿತಿ ಇದೆ. ಆದರೂ ಆಗಾಗ ಒಮ್ಮೆ ಒಳಗೆ ಹೋಗಿ ಬನ್ನಿ, ನಿಯಮಗಳು ಬದಲಾಗುತ್ತವೆ. ನಿಜವಾಗಿ ಹೆದರಬೇಕಾದ್ದು ಸಿಮ್ಮಿನ ವಿಷಯಕ್ಕೆ. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ರದ್ದಾದ ಮೇಲೆ 90 ದಿನ ಕಳೆದರೆ ಬೇರೆಯವರಿಗೆ ಹೋಗಬಹುದು. ಆಮೇಲೆ ಓಟಿಪಿ ಯಾರಿಗೆ ಹೋಗುತ್ತದೆ ಅಂತ ಯೋಚಿಸಿ.

ಓಟಿಪಿ ಅಂದಾಗ ಅಮೆರಿಕದಿಂದ ಬಂದ ಕಿಂಡಲ್‌ಗಳ ಕಥೆ ಹೇಳಲೇಬೇಕು. ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಕಡೆ ಇಂಥವು ಮನೆ ಮನೆಯಲ್ಲೂ ಇವೆ. ಮಗನೋ ಮಗಳೋ ರಜೆಗೆ ಬಂದಾಗ ತಂದುಕೊಡುತ್ತಾರೆ. ಅಲ್ಲೇ ತಮ್ಮ ಅಕೌಂಟ್ ಹಾಕಿ, ನಾಲ್ಕು ಪುಸ್ತಕ ತುಂಬಿಸಿ, ‘ಅಪ್ಪಾ, ಸುಮ್ನೆ ಆನ್ ಮಾಡಿ ಓದು’ ಅನ್ನುತ್ತಾರೆ. ಅಪ್ಪ ಆರು ತಿಂಗಳು ಓದುತ್ತಾರೆ. ಒಂದು ದಿನ ಇಲ್ಲಿನ ಅಮೆಜಾನಿನಲ್ಲಿ ತಮ್ಮ ಲಾಗಿನ್‌ನಲ್ಲಿ ಒಂದು ಪುಸ್ತಕ ಕೊಳ್ಳುತ್ತಾರೆ. ಅದು ಕಿಂಡಲ್ಲಿಗೆ ಬರುವುದಿಲ್ಲ. ಹೇಗೆ ಬರುತ್ತದೆ? ಕಿಂಡಲ್ ಮಗನ ಹೆಸರಿನಲ್ಲಿದೆ.

ಒಬ್ಬ ನಿವೃತ್ತ ಮೇಷ್ಟ್ರು ಹೀಗೇ ಸಿಕ್ಕಿಹಾಕಿಕೊಂಡು, ಯಾರೋ ಹೇಳಿದರು ಅಂತ ಫ್ಯಾಕ್ಟರಿ ರೀಸೆಟ್ ಮಾಡಿಬಿಟ್ಟರು, ಅಂದರೆ ಒಳಗಿದ್ದದ್ದನ್ನೆಲ್ಲ ಅಳಿಸಿಬಿಟ್ಟರು. ಈಗ ಮಗನ ಪುಸ್ತಕವೂ ಇಲ್ಲ, ಅವರದೂ ಇಲ್ಲ. ಮತ್ತೆ ಮಗನ ಲಾಗಿನ್ ಹಾಕಲು ಹೋದರೆ ಓಟಿಪಿ ಹೋಗುವುದು ಅವನ ಫೋನಿಗೆ. ಇಲ್ಲಿ ಮಧ್ಯಾಹ್ನ ಹನ್ನೆರಡು, ಅಲ್ಲಿ ನಡುರಾತ್ರಿ. ಮೇಷ್ಟ್ರು ಅಂಗಡಿಯಲ್ಲೇ ನಿಂತು ಫೋನ್ ಮಾಡುತ್ತಾ ಹೋದರು. ಕೊನೆಗೆ ಮಗ ಗಾಬರಿಯಿಂದ ಎದ್ದು ‘ಅಮ್ಮನಿಗೆ ಏನಾಯಿತು?’ ಅಂದನಂತೆ. ಇವರು ‘ಅಮ್ಮ ಚೆನ್ನಾಗಿದ್ದಾಳೆ, ಆ ಆರು ನಂಬರ್ ಹೇಳಪ್ಪ’ ಅಂದರು. ನನಗೆ ನಗು ತಡೆಯಲಾಗಲಿಲ್ಲ, ಅವರಿಗೂ.

ಆ ಓಟಿಪಿ ಹಾಕುವುದರಲ್ಲೂ ಒಂದು ಗುಟ್ಟಿದೆ. ಹಳೆಯ ಕೆಲವು ಕಿಂಡಲ್‌ಗಳಲ್ಲಿ ಅದಕ್ಕೆ ಬೇರೆ ಜಾಗವೇ ಇಲ್ಲ. ಮೊದಲು ಪಾಸ್‌ವರ್ಡ್ ಮಾತ್ರ ಹಾಕಿ ಒತ್ತಬೇಕು. ಆಗಲ್ಲ ಅನ್ನುತ್ತದೆ. ಅಷ್ಟರಲ್ಲಿ ಫೋನಿಗೆ ಕೋಡ್ ಬಂದಿರುತ್ತದೆ. ಈಗ ಪಾಸ್‌ವರ್ಡನ್ನು ಮತ್ತೆ ಬರೆದು, ನಡುವೆ ಜಾಗ ಬಿಡದೆ, ಅದರ ಬಾಲಕ್ಕೆ ಆ ಕೋಡನ್ನು ಅಂಟಿಸಬೇಕು. ಇದು ಗೊತ್ತಿಲ್ಲದೆ ‘ಪಾಸ್‌ವರ್ಡ್ ತಪ್ಪು’ ಅಂತ ತಿಳಿದು ಹೊಸ ಅಕೌಂಟ್ ಮಾಡಿದವರು ಬಹಳ ಜನ. ನೋಡಿ, ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಬಂದೆವು.

ಅಮೆರಿಕದಿಂದ ಬಂದ ಇಂಥ ಕಿಂಡಲ್ ಇದ್ದರೆ ಮೊದಲು ಮನೆಯಲ್ಲಿ ಮಾತಾಡಿಕೊಳ್ಳಿ. ಮಗನ ಪುಸ್ತಕ ಓದುವುದೇ ಸಾಕು ಅಂದರೆ ಅವನ ಅಕೌಂಟೇ ಇರಲಿ, ಬೇಕಾದ್ದನ್ನು ಅವನೇ ಕೊಳ್ಳಲಿ. ನಿಮ್ಮದೇ ಇರಲಿ ಅಂದರೆ ಅವನು ಅಲ್ಲಿಂದಲೇ ವೆಬ್‌ಸೈಟಿನಲ್ಲಿ ಆ ಸಾಧನವನ್ನು ತನ್ನ ಹೆಸರಿನಿಂದ ತೆಗೆಯಬಹುದು, ಆಮೇಲೆ ನೀವು ನಿಮ್ಮ ಲಾಗಿನ್ ಹಾಕಿ. ಅಮೆರಿಕದಲ್ಲಿದ್ದು ವಾಪಸ್ ಬಂದವರದ್ದು ಇನ್ನೊಂದು ಥರ. ಲಾಗಿನ್ ಒಂದೇ, ಆದರೆ ಕಿಂಡಲ್ ಅಂಗಡಿ ಒಂದು ಹೊತ್ತಿಗೆ ಒಂದೇ ದೇಶದ್ದು. ಅದನ್ನು ಸೆಟ್ಟಿಂಗ್‌ನಲ್ಲಿ ಬದಲಾಯಿಸಬಹುದು. ಚಂದಾ ಕಟ್ಟಿರುವುದು ಏನಾದರೂ ಇದ್ದರೆ ಮೊದಲು ಅದನ್ನು ನೋಡಿಕೊಳ್ಳಿ, ನಿಂತುಹೋಗಬಹುದು.

ಅಕೌಂಟ್ ಸರಿಯಿದ್ದೂ ಒಳಗೆ ಬಿಡದಿದ್ದರೆ? ಮೊದಲು ಗಡಿಯಾರ ನೋಡಿ. ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿ ಬ್ಯಾಟರಿ ಪೂರ್ತಿ ಇಳಿದ ಸಾಧನದಲ್ಲಿ ತಾರೀಕು ಹಿಂದಕ್ಕೆ ಹೋಗಿರುತ್ತದೆ, ಸರ್ವರ್ ಅದನ್ನು ನಂಬುವುದಿಲ್ಲ. ಆಮೇಲೆ ವೈಫೈ. ಹಳೆಯ ಕಿಂಡಲ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕಾಣುತ್ತದೆ, ಹೊಸ ರೌಟರಿನ 5 ಗಿಗಾಹರ್ಟ್ಸ್ ಕಾಣುವುದಿಲ್ಲ. ತೀರಾ ಹಳೆಯದಾದರೆ ಇನ್ನೊಂದಿದೆ. 2016ರ ಮಾರ್ಚ್ 22ರೊಳಗೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಕೊಳ್ಳಿ ಅಂತ ಹಳೇ ಕಿಂಡಲ್‌ಗಳಿಗೆ ಅಮೆಜಾನ್ ಗಡುವು ಕೊಟ್ಟಿತ್ತು. ಆಗ ಬೀರುವಿನಲ್ಲಿದ್ದವು ಇವತ್ತು ವೈಫೈನಿಂದ ಸರಿಹೋಗುವುದಿಲ್ಲ. ಕಂಪ್ಯೂಟರಿನಲ್ಲಿ ಅಪ್‌ಡೇಟ್ ಫೈಲು ಇಳಿಸಿ ಕೇಬಲ್ಲಿನಿಂದ ಹಾಕಬೇಕು.

‘ಪುಸ್ತಕವನ್ನೂ ಹಾಗೇ ಕೇಬಲ್ಲಿನಿಂದ ಹಾಕಿಕೊಡಿ, ಅಕೌಂಟ್ ಯಾಕೆ?’ ಅಂತ ಕೇಳುತ್ತಾರೆ. ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ಲಿನಿಂದ ಹಾಕುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿ 26ಕ್ಕೆ ತೆಗೆದುಹಾಕಿತು. ಈಗ ಸಾಧನದಲ್ಲೇ ಲಾಗಿನ್ ಆಗಬೇಕು.

ಕೋಬೋ, ಪಾಕೆಟ್‌ಬುಕ್ ಇರುವವರ ಗೋಳು ಬೇರೆ. ಬೇರೆ ಅಂಗಡಿಯಲ್ಲಿ ಕೊಂಡು ಅದರಲ್ಲಿ ಓದುವ ಪುಸ್ತಕಕ್ಕೆ ಸಾಮಾನ್ಯವಾಗಿ ಅಡೋಬಿ ಅನ್ನುವ ಕಂಪನಿಯ ಬೀಗ. ಪ್ಲೇ ಬುಕ್ಸ್‌ನಲ್ಲಿ ಕೊಂಡ ಬೀಗವಿರುವ ಪುಸ್ತಕವನ್ನು ಇಳಿಸಿಕೊಂಡರೂ ಸಿಗುವುದು ಎಸಿಎಸ್‌ಎಂ ಅನ್ನುವ ಪುಟ್ಟ ಫೈಲು, ಕೆಲವೇ ಕೆಬಿ. ‘ಮುನ್ನೂರು ಪುಟದ ಪುಸ್ತಕ ಇಷ್ಟು ಚಿಕ್ಕದಾ, ಅರ್ಧಕ್ಕೇ ನಿಂತಿರಬೇಕು’ ಅಂತ ಮತ್ತೆ ಮತ್ತೆ ಇಳಿಸುತ್ತಾರೆ. ಅರ್ಧಕ್ಕೆ ನಿಂತಿಲ್ಲ. ಅದರೊಳಗೆ ಪುಸ್ತಕವೇ ಇಲ್ಲ. ಯಾವ ಸರ್ವರಿನಿಂದ ಯಾವ ಪುಸ್ತಕ ತರಬೇಕು ಅನ್ನುವ ವಿವರ ಮಾತ್ರ ಇದೆ. ಕಂಪ್ಯೂಟರಿನಲ್ಲಿ ಅಡೋಬಿ ಡಿಜಿಟಲ್ ಎಡಿಷನ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿ, ಅದರಲ್ಲಿ ಈ ಫೈಲು ತೆರೆದಾಗ ನಿಜವಾದ ಪುಸ್ತಕ ಇಳಿಯುತ್ತದೆ, ಅವತ್ತು ಅಲ್ಲಿ ಯಾವ ಅಡೋಬಿ ಐಡಿ, ಅಂದರೆ ಅಡೋಬಿ ಅಕೌಂಟ್, ಇದೆಯೋ ಅದಕ್ಕೆ ಕಟ್ಟಿಕೊಳ್ಳುತ್ತದೆ.

ಈ ಕೊನೆಯ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ಮೊದಲು ತೆರೆದವರ ಐಡಿಗೆ ಕಟ್ಟಿಕೊಳ್ಳುತ್ತದೆ. ದಂಪತಿ ಒಬ್ಬರು ಬಂದಿದ್ದರು. ಯಜಮಾನರು ಪುಸ್ತಕ ಕೊಂಡು, ಆ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಹೆಂಡತಿಗೆ ಕಳಿಸಿದ್ದರು. ಆಕೆ ಚುರುಕು, ತಮ್ಮ ಐಡಿಯಲ್ಲಿ ಮೊದಲು ತೆರೆದರು. ಸಂಜೆ ಇವರು ತೆರೆದರೆ ‘ಇದನ್ನು ಬೇರೆ ಬಳಕೆದಾರರು ಪಡೆದಾಗಿದೆ’ ಅನ್ನುವ ಅರ್ಥದ ಎರರ್. ಕೊಂಡವರು ಇವರು, ಓದುವವರು ಅವರು. ಮನೆಯೊಳಗಿನ ವಿಷಯ, ನಾನು ಬಾಯಿ ಹಾಕಲಿಲ್ಲ.

ಡಿಜಿಟಲ್ ಎಡಿಷನ್ಸ್ ಶುರುವಿನಲ್ಲೇ ‘ಐಡಿ ಇಲ್ಲದೆ ಮುಂದುವರಿಸು’ ಅನ್ನುವ ಒಂದು ಚೌಕ ತೋರಿಸುತ್ತದೆ. ಸುಲಭ ಅಂತ ಅದಕ್ಕೆ ಟಿಕ್ ಹಾಕಬೇಡಿ. ಆ ಪುಸ್ತಕಗಳು ಆ ಕಂಪ್ಯೂಟರ್ ಬಿಟ್ಟು ಕೈಯಲ್ಲಿ ಹಿಡಿಯುವ ಸಾಧನಕ್ಕೆ ಹೋಗುವುದಿಲ್ಲ. ಇನ್ನು ಒಂದು ಐಡಿಗೆ ಎಷ್ಟು ಸಾಧನ ಅನ್ನುವುದಕ್ಕೆ ಮಿತಿ ಇದೆ. ನಾನು ಕಂಡಂತೆ ಆರು. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದಾಗಲೆಲ್ಲ ಒಂದು ಖರ್ಚಾಗುತ್ತದೆ, ಯಾಕೆಂದರೆ ಹಳೆಯದು ಲೆಕ್ಕದಲ್ಲಿ ಹಾಗೇ ಉಳಿದಿರುತ್ತದೆ. ಫಾರ್ಮ್ಯಾಟ್‌ಗೆ ಕೊಡುವ ಮುಂಚೆ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಡಿ ಮೂರನ್ನೂ ಒಟ್ಟಿಗೆ ಒತ್ತಿದರೆ ಆ ಕಂಪ್ಯೂಟರ್ ಲೆಕ್ಕದಿಂದ ಹೊರಬರುತ್ತದೆ. ಮರೆತು ಮಿತಿ ದಾಟಿದ್ದರೆ ಅಡೋಬಿ ಸಹಾಯ ವಿಭಾಗಕ್ಕೆ ಬರೆದು ಲೆಕ್ಕವನ್ನು ಸೊನ್ನೆ ಮಾಡಿಸಿಕೊಳ್ಳಬೇಕು. ಹೊಸ ಐಡಿ ಮಾಡಿದರೆ, ಹೇಳಬೇಕಾ ಮತ್ತೆ?

ಇದೇನೂ ಹೊಸ ರೋಗವಲ್ಲ. 2000ದಲ್ಲಿ ಮೈಕ್ರೋಸಾಫ್ಟ್ ರೀಡರ್ ಬಂದಿತ್ತು, ಅಂಗೈಯಷ್ಟಗಲದ ಪಾಕೆಟ್ ಪಿಸಿಗಳಲ್ಲಿ ಓದಲು. ಕೊಂಡವರ ಹೆಸರಿಗೇ ಬೀಗ ಹಾಕಿದ ಪುಸ್ತಕ ತೆರೆಯಲು ಮೈಕ್ರೋಸಾಫ್ಟ್ ಪಾಸ್‌ಪೋರ್ಟ್ ಅನ್ನುವ ಅಕೌಂಟಿನಿಂದ ಆ್ಯಕ್ಟಿವೇಟ್ ಮಾಡಬೇಕಿತ್ತು. ಅಲ್ಲೂ ಸಾಧನಗಳಿಗೆ ಮಿತಿ ಇತ್ತು. 2012ರ ಆಗಸ್ಟಿನಲ್ಲಿ ಅದನ್ನೇ ನಿಲ್ಲಿಸಿದರು. ಅದೇ ಕಂಪನಿ ಆಮೇಲೆ ಇನ್ನೊಂದು ಪುಸ್ತಕದಂಗಡಿ ತೆರೆದು 2019ರಲ್ಲಿ ಮುಚ್ಚಿತು. ಜನರ ಪುಸ್ತಕ ಹೋಯಿತು, ದುಡ್ಡು ವಾಪಸ್ ಬಂತು. ಪುಣ್ಯ.

ಈ ಕಥೆ ಕೇಳಿದ ಮೇಲೆ ಕೆಲವರು ಮೆಲ್ಲಗೆ ‘ಆ ಲಾಕೇ ತೆಗೆದುಕೊಡಿ’ ಅನ್ನುತ್ತಾರೆ. ನಾನು ಮಾಡುವುದಿಲ್ಲ. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮಿನ ಪ್ರಕಾರ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಸ್ವಂತಕ್ಕೆ ಓದಲು ತೆಗೆದರೆ ಏನು ಅನ್ನುವುದನ್ನು ವಕೀಲರನ್ನು ಕೇಳಿ. ನಾನು ವಕೀಲನಲ್ಲ.

ಒಂದೇ ಒಂದು ಸಂದರ್ಭದಲ್ಲಿ ನನಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ತೀರಿಕೊಂಡ ಗಂಡನ ಟ್ಯಾಬ್ ಹಿಡಿದು ಒಬ್ಬ ಅಮ್ಮ ಬಂದಿದ್ದರು. ಪುಸ್ತಕಗಳನ್ನು ತಮ್ಮ ಫೋನಿಗೆ ಹಾಕಿಕೊಡಿ ಅಂತ. ಸಾಮಾನ್ಯವಾಗಿ ಇಂಥ ಪುಸ್ತಕಗಳ ಲೈಸೆನ್ಸ್ ಇನ್ನೊಬ್ಬರ ಹೆಸರಿಗೆ ಮಾಡಿಕೊಡುವುದಿಲ್ಲ, ಅಂಗಡಿಯವರನ್ನೇ ಕೇಳಬೇಕು. ‘ಈ ಟ್ಯಾಬನ್ನು ರೀಸೆಟ್ ಮಾಡಬೇಡಿ, ಲಾಗ್ ಔಟ್ ಮಾಡಬೇಡಿ, ಚಾರ್ಜ್ ಇಳಿಯಲು ಬಿಡಬೇಡಿ’ ಅಂದೆ. ‘ಅವರ ಸಿಮ್ಮು?’ ಅಂತ ಕೇಳಿದರು. ರೀಚಾರ್ಜ್ ಮಾಡಿಸುತ್ತಾ ಇರಿ ಅಂದೆ. ಮಾಡಿಸುತ್ತಿದ್ದಾರೆ. ಆ ಟ್ಯಾಬಿನಲ್ಲೇ ಓದುತ್ತಾರೆ.

ಉಳಿದವರು ಬರುವಾಗ ಮೂರು ವಸ್ತು ತನ್ನಿ. ಓದುವ ಸಾಧನ, ಹಳೇ ನಂಬರಿನ ಸಿಮ್ ಇರುವ ಫೋನ್, ಪಾಸ್‌ವರ್ಡ್ ಬರೆದಿಟ್ಟ ಡೈರಿ ಇದ್ದರೆ ಅದು. ಡೈರಿಯನ್ನು ನನಗೆ ಕೊಡಬೇಡಿ, ನೀವೇ ನೋಡಿ ಟೈಪ್ ಮಾಡಿ. ಅಕೌಂಟ್ ಅಮೆರಿಕದಲ್ಲಿರುವ ಮಗನದ್ದಾದರೆ ಸಂಜೆ ಏಳರ ಮೇಲೆ ಬನ್ನಿ, ಕ್ಯಾಲಿಫೋರ್ನಿಯಾ ಆದರೆ ಎಂಟರ ಮೇಲೆ. ಒಂಬತ್ತಕ್ಕೆ ಬಾಗಿಲು ಹಾಕುತ್ತೇನೆ.